ಕಲಬುರಗಿಯಿಂದ ಹೈದರಾಬಾದ್ ಕಾಮಿಕ್ ಕಾನ್‌ಗೆ ಮೊದಲ ಸಲ: ಕವಚ ಮಾಡೋದು, ಒಯ್ಯೋದು ಹ್ಯಾಂಗ?

ಬ್ರಹ್ಮಪೂರ_ಹುಡುಗಿ

ಎಲ್ಲರಿಗೂ ಶರಣು. ಹೈದರಾಬಾದಿನ ಹೈಟೆಕ್ಸ್ ಪ್ರದರ್ಶನ ಕೇಂದ್ರದಾಗ ಆಗೋ ಕಾಮಿಕ್ ಕಾನ್ ಅನ್ನೋ ಕಾಮಿಕ್ಸ್ ಮೇಳಕ್ಕ ನಾನು, ತಂಗಿ ಹೊಂಟೀವಿ. ಇಬ್ಬರಿಗೂ ಮೊದಲನೇದು. ತಂಗಿ ಕಾಸ್‌ಪ್ಲೇ ಮಾಡ್ತಾಳ, ಅಂದ್ರ ಪಾತ್ರದ ವೇಷ ಹಾಕ್ತಾಳ: ಎದಿ-ಬೆನ್ನಿನ ಕವಚ, ಎರಡು ಭುಜಪಟ್ಟಿ, ಮುಂಗೈ ಪಟ್ಟಿ, ಐದು ಫೂಟಿನ ಭರ್ಚಿ. ಕೈಯಾಗ ಆರು ವಾರ ಅವ. ಯಾತರಾಗ ಮಾಡಬೇಕು, ಸಾಮಾನು ಇಲ್ಲೇ ಸಿಗ್ತದೇನು? ಮುರೀದಂಗ ಒಯ್ಯೋದು ಹ್ಯಾಂಗ? ಒಳಗ ಗೊತ್ತಿಲ್ಲದೇ ಆಗೋ ತಪ್ಪು ಯಾವು? ಶನಿವಾರ ಒಂದೇ ದಿನ ಹೋಗಿ ರಾತ್ರಿ ವಾಪಸ್ ಬರ್ರಿ ಅಂತ ಮನ್ಯಾಗ ಹೇಳ್ಯಾರ.

ತೊಗರಿ_ಕಣಜ

ಶರಣು ತಂಗೀ. ಕವಚದ ಮಾತು ಮೊದಲು, ಯಾಕಂದ್ರ ಆರು ವಾರದಾಗ ಐದು ಅದಕ್ಕೇ ಹೋಗ್ತಾವ.

ಇ.ವಿ.ಎ. ಫೋಮ್ ತಗೋರಿ. ಥರ್ಮೋಕೋಲ್ ಬ್ಯಾಡ, ರಬ್ಬರ್ ಅಂಟಿನಾಗಿನ ದ್ರಾವಕ ತಾಗಿದ್ರ ಸಾಕು ಕರಗಿ ತೂತು ಬೀಳ್ತದ. ರಟ್ಟು ಬೆವರಿಗೆ ಮೆತ್ತಗಾಗ್ತದ. ಇ.ವಿ.ಎ. ಅಂದ್ರ ಚಪ್ಪಲಿ ಅಟ್ಟಿಗೆ ಬಳಸೋದೇ. ಅದಕ್ಕ ಚಪ್ಪಲಿ ಹೊಲಿಯೋರಿಗೆ ಅಟ್ಟಿ ಹಾಳೆ, ಅಂಟು ಮಾರೋ ಅಂಗಡ್ಯಾಗ ಮೊದಲು ಕೇಳ್ರಿ. ದಪ್ಪನ್ನವು ಜಿಮ್‌ದಾಗ ನೆಲಕ್ಕ ಹಾಸೋ ಒಂದಕ್ಕೊಂದು ಸಿಗಸೋ ಮ್ಯಾಟ್, 2×2 ಫೂಟಿನವು. ನಿಮ್ಮ ಕವಚ, ಭುಜಕ್ಕ 10 ಮಿ.ಮೀ. ದಪ್ಪದವು ನಾಕು ಸಾಕು. ಮುಂಗೈ ಮತ್ತು ಅಂಚಿನ ಪಟ್ಟಿಗೆ 5 ಮಿ.ಮೀ. ಹಾಳೆ ಬೇಕು.

ಅಳತಿ ತಗೊಳ್ಳೋದು ಹಿಂಗ: ತಂಗಿ ಹಳೇ ಟಿ-ಶರ್ಟ್ ಹಾಕ್ಕೊಂಡು ನಿಲ್ಲಲಿ, ಮ್ಯಾಲ ಅಡಿಗಿಮನ್ಯಾಗಿನ ತೆಳು ಪ್ಲಾಸ್ಟಿಕ್ ಸುತ್ರಿ, ಅದರ ಮ್ಯಾಲ ಮಾಸ್ಕಿಂಗ್ ಟೇಪ್ ಪೂರಾ ಅಂಟಸ್ರಿ. ಟೇಪಿನ ಮ್ಯಾಲೇ ಪೆನ್ನಿನಿಂದ ಕವಚ ಬರೆದು, ನಟ್ಟನಡು ಗೆರಿ, ಬಗಲಿನ ಗೆರಿ ಎಳೀರಿ. ಜೋಡು ಗುರುತು ಹಾಕೋದು ಮರೀಬ್ಯಾಡ್ರಿ, ಇಲ್ಲಂದ್ರ ಆಮ್ಯಾಲ ಯಾವ ಅಂಚು ಯಾವುದಕ್ಕ ಕೂಡಬೇಕು ತಿಳಿಯೂದಿಲ್ಲ. ಬೆನ್ನಿಗೆ ಕತ್ತರಿಸಿ ಬಿಚ್ಚಿ, ಗೆರಿ ಹಿಡಿದು ತುಂಡು ಮಾಡಿದ್ರ ಅದೇ ನಿಮ್ಮ ನಮೂನಿ. ಫೋಮ್ ದಪ್ಪ ಇರೋದರಿಂದ ಸುತ್ತಳತಿಗೆ ಎರಡು ಇಂಚು ಹೆಚ್ಚು ಬಿಡ್ರಿ. ಇದು ಬಿಟ್ಟವರ ಕವಚ ಬಗಲಾಗ ಮುಚ್ಚೂದೇ ಇಲ್ಲ.

ಬ್ಲೇಡು ನೆಟ್ಟಗ ಹಿಡೀರಿ, ಮೊಂಡಾತು ಅನ್ನಿಸಿದ ಕೂಡಲೇ ಬದಲಾಯಿಸ್ರಿ. ಮೊಂಡ ಬ್ಲೇಡು ಫೋಮನ್ನ ಕಡಿಯೂದಿಲ್ಲ, ಹರೀತದ. ಹರಿದ ಅಂಚು ಎಷ್ಟು ಅಂಟು ಹಚ್ಚಿದ್ರೂ ಕಾಣ್ತದ.

ಅಂಟು: ಫೆವಿಕಾಲ್ ಎಸ್‌ಆರ್ ಜಾತಿಯ ಹಳದಿ ರಬ್ಬರ್ ಅಂಟು. ಎರಡೂ ಅಂಚಿಗೆ ತೆಳ್ಳಗ ಹಚ್ಚಿ 10–15 ನಿಮಿಷ ಬಿಡ್ರಿ. ಬೆರಳು ಮುಟ್ಟಿಸಿದ್ರ ಜಿಗುಟು ಅನಿಸಬೇಕು, ಆದ್ರ ಬೆರಳಿಗೆ ಬರಬಾರದು. ಆವಾಗ ಒತ್ರಿ. ಹಸಿ ಇದ್ದಾಗ ಒತ್ತಿದ್ರ ಜಾರ್ತದ, ಇಡೀ ರಾತ್ರಿ ಒಣಗೂದಿಲ್ಲ. ಒಮ್ಮೆ ತಾಗಿದ್ರ ಸರಸಾಕ ಬರೂದಿಲ್ಲ, ಅದಕ್ಕ ಒಂದು ತುದಿಯಿಂದ ಅರ್ಧರ್ಧ ಇಂಚು ಕೂಡಸ್ಕೋತ ಹೋಗ್ರಿ. ಕಿಟಕಿ ತೆರೆದಿಟ್ಟು, ಒಲಿಯಿಂದ ದೂರ ಕೂಡ್ರಿ. ವಾಸನಿ ತಲಿಗೆ ಏರ್ತದ, ಬೆಂಕಿ ಹತ್ತೋ ಸಾಮಾನು ಅದು. ಗ್ಲೂ ಗನ್ ಮಾತ್ರ ಬ್ಯಾಡೇ ಬ್ಯಾಡ. ಬಿಸಿಗೆ ಕರಗೋ ಅಂಟು ಅದು, ನಮ್ಮ ಬಿಸಿಲಾಗ ಬಸ್ಸಿನ ಡಿಕ್ಕಿಯೊಳಗ ಎರಡು ತಾಸು ಇಟ್ಟರ ಜೋಡು ಬಿಟ್ಟುಕೊಳ್ತಾವ.

ಬೆಲ್ಟಿಗೆ ಸ್ಕೂಲ್ ಬ್ಯಾಗ್ ರಿಪೇರಿ ಅಂಗಡ್ಯಾಗಿನ 25 ಮಿ.ಮೀ. ಪಟ್ಟಿ, ಕ್ಲಿಪ್ ತಗೋರಿ. ಹಿಂದ ಅಂಟು ಇರೋ ವೆಲ್ಕ್ರೋ ಬೆವರಿಗೆ ಎದ್ದು ಬರ್ತದ; ಎಲಾಸ್ಟಿಕ್‌ಗೆ ಹೊಲಿದು ಆಮ್ಯಾಲ ಅಂಟಸ್ರಿ. ಕವಚ ತಂಗಿ ಒಬ್ಬಾಕೆನೇ ಎರಡು ನಿಮಿಷದಾಗ ಬಿಚ್ಚಿ ಹಾಕ್ಕೊಳ್ಳೋ ಹಂಗ ಇರಬೇಕು. ಶೌಚಕ್ಕ ಹೋಗಬೇಕಾದಾಗ ಇದರ ಬೆಲೆ ತಿಳೀತದ.

ಭರ್ಚಿಗೆ ಮುಕ್ಕಾಲು ಇಂಚಿನ ಪಿ.ವಿ.ಸಿ. ಪೈಪು, ನಡುವ ಕಪ್ಲಿಂಗ್ ಹಾಕಿ ಎರಡು ತುಂಡು ಮಾಡ್ರಿ, ಕಪ್ಲಿಂಗಿಗೆ ಒಂದೇ ಕಡೆ ಅಂಟು, ಇನ್ನೊಂದು ಕಡೆ ಬಿಚ್ಚಾಕ ಬರಬೇಕು. ತುದಿ ಫೋಮಿಂದೇ. ಕಬ್ಬಿಣ, ಖರೇ ಅಲಗು ಏನೂ ಇರಬಾರದು, ಬಾಗಿಲಾಗೇ ತಡೀತಾರ. ಉದ್ದದ ಮಿತಿ ಆಯಾ ವರ್ಷದ ನಿಯಮದಾಗ ನೋಡಿನೇ ಪೈಪು ಕೊಯ್ಯಿರಿ.

ಬಿದರಿ_ಕುಂಚ

ತೊಗರಿ ಅಣ್ಣಾರು ಬಣ್ಣದ ಮಾತು ಬಿಟ್ಟಾರ, ಹೆಚ್ಚಿನ ಕವಚ ಕೆಡೋದು ಅಲ್ಲೇ.

ಬಣ್ಣಕ್ಕ ಮೊದಲು ಫೋಮಿನ ಮ್ಯಾಲ ಹೀಟ್ ಗನ್ (ಬಿಸಿ ಗಾಳಿ ಊದೋ ಯಂತ್ರ) ಆಡಸ್ರಿ, ಒಂದೇ ಕಡೆ ನಿಲ್ಲಸಬ್ಯಾಡ್ರಿ. ಮ್ಯಾಲಿನ ಸಣ್ಣ ತೂತು ಮುಚ್ಚಿ ಸ್ವಲ್ಪ ಹೊಳಪು ಬಂತಂದ್ರ ಸಾಕು. ಬಿಸಿ ಇದ್ದಾಗ್ಲೇ ಎದಿಯ ಬಾಗು ಕೊಟ್ಟು, ತಣ್ಣಗಾಗೋತನಕ ಹಿಡೀರಿ. ಆಮ್ಯಾಲ ಬಿಳಿ ಫೆವಿಕಾಲ್ ಮತ್ತ ನೀರು ಸಮಪಾಲು ಕಲಿಸಿ ಮೂರು ಕೈ, ಪ್ರತಿ ಕೈ ಪೂರಾ ಒಣಗಿದ ಮ್ಯಾಲ. ಇದು ಬಿಟ್ಟು ಸೀದಾ ಬಣ್ಣ ಹೊಡೆದ್ರ ಫೋಮ್ ಬಣ್ಣ ಕುಡೀತದ, ಬಾಗಿದಲ್ಲೆಲ್ಲ ಬಿರಿತದ. ಬಾಗೋ ಜಾಗಕ್ಕ ಫೆವಿಕಾಲ್ ದಪ್ಪ ಆಗಬಾರದು, ಅದೂ ಬಿರಿತದ. ಬಣ್ಣ ಅಕ್ರಿಲಿಕ್.

ಒಂದು ಸೂಚನೆ. ನಮ್ಮ ಕಡೆಯಿಂದ ಹೋಗ್ತೀರಿ, ಕವಚಕ್ಕ ಬಿದರಿ ನಕ್ಷಿ ಹಾಕ್ರಿ. ಕರಿ ನೆಲ, ಬೆಳ್ಳಿ ಬಳ್ಳಿ, ದೂರಿಂದ್ಲೇ ಎದ್ದು ಕಾಣ್ತದ. ಖರೇ ಬಿದರಿ ಸತು-ತಾಮ್ರದ ಎರಕ. ಅದನ್ನ ಗೀರಿ ಬೆಳ್ಳಿ ಕೂಡಸ್ತಾರ, ಕಡೀಗೆ ಬೀದರ ಕೋಟೆಯ ಮಣ್ಣು, ನವಸಾಗರ ಅನ್ನೋ ಲವಣ ಕಲಿಸಿದ ನೀರಾಗ ಹಾಕ್ತಾರ. ಸತು ಕರ್ರಗಾಗ್ತದ, ಬೆಳ್ಳಿ ಹಂಗೇ ಉಳೀತದ. ಫೋಮಿನಾಗೂ ಗೀರೋ ಕ್ರಮ ಅದೇ: ಹೀಟ್ ಗನ್ ಆಡಿಸೋ ಮುಂಚೆ ಬ್ಲೇಡಿನ ತುದಿಯಿಂದ 2 ಮಿ.ಮೀ. ಆಳ ಬಳ್ಳಿ ಗೀರ್ರಿ. ಬಿಸಿ ತಾಗಿದ ಕೂಡಲೇ ಆ ಗೀರು ತಾನೇ ಬಾಯಿ ಬಿಡ್ತದ, ಕೆತ್ತಿದಂಗ ಕಾಣ್ತದ. ಮೊದಲು ಕರಿ ಬಣ್ಣ, ಅದರ ಮ್ಯಾಲ ಹೊಳಪಿಲ್ಲದ ವಾರ್ನಿಶ್, ಅದು ಒಣಗಿದ ಮ್ಯಾಲ ಗೀರಿನಾಗ ಬೆಳ್ಳಿ. ಈ ಕ್ರಮ ತಿರುವಿ ಬೆಳ್ಳಿಯ ಮ್ಯಾಲ ವಾರ್ನಿಶ್ ಹೊಡೆದ್ರ ಬೆಳ್ಳಿ ಹೋಗಿ ಬೂದಿ ಬಣ್ಣ ಆಗ್ತದ.

ವಾಡಿ_ಜಂಕ್ಷನ್

ಪ್ರಯಾಣ. ಕಲಬುರಗಿಯಿಂದ ಗಾಡಿ ವಾಡಿ, ಸೇಡಂ, ತಾಂಡೂರ, ವಿಕಾರಾಬಾದ್ ಮ್ಯಾಲೆ ಹೋಗ್ತದ, ನಾಕೈದು ತಾಸು. ನಾಂಪಲ್ಲಿ, ಅಂದ್ರ ಹೈದರಾಬಾದ್ ನಿಲ್ದಾಣದತನಕ ಹೋಗಬ್ಯಾಡ್ರಿ. ಅದಕ್ಕಿಂತ ಮೊದಲೇ ಬರೋ ಲಿಂಗಂಪಲ್ಲಿಯೊಳಗ ನಿಲ್ಲೋ ಗಾಡಿ ನೋಡಿ ಅಲ್ಲೇ ಇಳೀರಿ, ಹೈಟೆಕ್ಸ್ ಅಲ್ಲಿಂದ ಹತ್ತಿರ. ಕವಚ ಇರೋದರಿಂದ ಆಟೊ ಇಲ್ಲಾ ಕ್ಯಾಬ್. ಲೋಕಲ್ ಹಿಡಿಯೋರಿಗೆ ಒಂದು ಎಚ್ಚರಿಕೆ: ಹೈಟೆಕ್ ಸಿಟಿ ಅಂತ ಲೋಕಲ್ ರೈಲಿನ ನಿಲ್ದಾಣ ಬೇರೆ, ಮೆಟ್ರೊ ನಿಲ್ದಾಣ ಬೇರೆ, ಎರಡೂ ಒಂದೇ ಕಡೆ ಇಲ್ಲ. ಯಾದಗಿರಿಯವರಿಗೆ ಸೀದಾ ಗಾಡಿ ಅವ, ಸಿಗದಿದ್ರ ವಾಡಿಯೊಳಗ ಬದಲಿಸಬೇಕು. ಬೀದರದವರಿಗೆ ಜಹೀರಾಬಾದ್, ಪಟಾನ್‌ಚೆರು ಮ್ಯಾಲಿನ ಬಸ್ಸೇ ಬರೋಬರಿ, ಮಿಯಾಪುರದಾಗ ಇಳಿದ್ರಾತು.

ಎದಿ ತುಂಡಿನೊಳಗ ಬೆನ್ನಿನ ತುಂಡು, ಅದರೊಳಗ ಭುಜಪಟ್ಟಿ, ನಡುವ ಹಳೇ ದುಪಟ್ಟಾ ತುರುಕಿ ಒಂದೇ ರಟ್ಟಿನ ಡಬ್ಬಿಗೆ ಹಾಕ್ರಿ. ಮ್ಯಾಲಿನ ಬರ್ತ್ ಕಾದಿರಿಸಿ ಡಬ್ಬಿ ಅಲ್ಲೇ ಇಡ್ರಿ. ಮ್ಯಾಲ ಭಾರ ಬಿದ್ದು ಒಮ್ಮೆ ಚಪ್ಪಟಿ ಆದ ಫೋಮ್ ಹೀಟ್ ಗನ್ ಇಲ್ಲದೇ ಸರಿಹೋಗೂದಿಲ್ಲ.

ಬಾಗಿಲಾಗ ಟಿಕೆಟಿನ ಕ್ಯೂಆರ್ ತೋರಿಸಿದ್ರ ಕೈಗೆ ಪಟ್ಟಿ ಕಟ್ತಾರ, ಸಂಜಿತನಕ ಬಿಚ್ಚಬಾರದು. ಕ್ಯೂಆರ್‌ನ ಚಿತ್ರ ಫೋನಿನಾಗ ಉಳಿಸಿಕೊಳ್ರಿ. ಮಂದಿ ಕೂಡಿದ ಮ್ಯಾಲ ನೆಟ್‌ವರ್ಕ್ ಕೈ ಕೊಡ್ತದ, ಯು.ಪಿ.ಐ. ನಡಿಯೂದಿಲ್ಲ. ಅದಕ್ಕ ಚಿತ್ರಕಾರರು ತಮ್ಮ ಚಿತ್ರ ಮಾರೋ ಸಾಲಿನಾಗ ಕೊಳ್ಳಾಕ 50, 100ರ ನೋಟು ಇಟ್ಕೋರಿ, ಮೊದಲ ತಾಸಿನಾಗೇ ಆ ಸಾಲು ನೋಡ್ರಿ. ಮಧ್ಯಾಹ್ನದ ಮ್ಯಾಲ ಅಲ್ಲಿ ನಿಲ್ಲಾಕ ಜಾಗ ಇರೂದಿಲ್ಲ. ಕೊಂಡ ಚಿತ್ರ ಮಡಚಬ್ಯಾಡ್ರಿ, ಎ3 ಅಳತಿಯ ಹಾಳೆ ಹಿಡಿಸೋ ಕೊಳವಿ ಒಯ್ಯಿರಿ.

ಯಾರದೇ ಫೋಟೊ ಕೇಳಿ ತೆಗೀರಿ, ವೇಷ ಮುಟ್ಟಬ್ಯಾಡ್ರಿ. ತಂಗಿಗೂ ಹೇಳ್ರಿ: ಬ್ಯಾಡ ಅನ್ನೋ ಹಕ್ಕು ಆಕಿಗೂ ಅದ, ಯಾರರೆ ಮೈಮ್ಯಾಲ ಕೈ ಹಾಕಿದ್ರ ಅಲ್ಲಿನ ಸಿಬ್ಬಂದಿಗೆ ತಕ್ಷಣ ತಿಳಸ್ರಿ.

ಇನ್ನ ರಾತ್ರಿ ವಾಪಸ್ ಬರೋದು. ಕಾಸ್‌ಪ್ಲೇ ಸ್ಪರ್ಧೆ ಮುಗಿಯೋದೇ ಸಂಜಿಗೆ. ಸ್ಪರ್ಧೆಗೆ ನಿಂತು ಅದೇ ರಾತ್ರಿ ಗಾಡಿ ಹಿಡಿಯೋದು ಎರಡೂ ಕೂಡಿ ಬರೂದಿಲ್ಲ. ಒಂದು ರಾತ್ರಿ ಉಳೀರಿ, ಇಲ್ಲಾ ಸ್ಪರ್ಧೆ ಈ ವರ್ಷ ಬಿಡ್ರಿ.

ಬ್ರಹ್ಮಪೂರ_ಹುಡುಗಿ

ಎಲ್ಲರಿಗೂ ಭಾಳ ಧನ್ಯವಾದ. ಸ್ಪರ್ಧೆ ಈ ವರ್ಷ ಬಿಟ್ಟೀವಿ. ಬಿದರಿ ನಕ್ಷಿ ಖಾಯಂ. ಬಳ್ಳಿಗೆ ಎಷ್ಟನೇ ನಂಬರ್ ಕುಂಚ? ಅಲ್ಲಿ ಏನರೆ ಕಿತ್ತುಬಂದ್ರ ಏನು ಮಾಡಬೇಕು?

ಬಿದರಿ_ಕುಂಚ

ಬಳ್ಳಿಗೆ 1, ಎಲಿಯ ತುದಿಗೆ 00. ಬೆಳ್ಳಿ ಬಣ್ಣಕ್ಕ ನೀರು ಹಾಕಬ್ಯಾಡ್ರಿ, ಗೀರಿನಿಂದ ಹೊರಗ ಹರೀತದ. ಚೀಲದಾಗ ಫೆವಿಕ್ವಿಕ್ ಎರಡು, ಎರಡು ಬದಿ ಅಂಟೋ ಟೇಪು, ಹತ್ತು ಸೇಫ್ಟಿ ಪಿನ್ನು, ಕರಿ ಬಣ್ಣ ಒಂದು ಸಣ್ಣ ಡಬ್ಬಿ. ಫೆವಿಕ್ವಿಕ್ ಒಣಗಿದ ಮ್ಯಾಲ ಗಟ್ಟಿ ಆಗ್ತದ, ಬಾಗೋ ಜೋಡಿಗೆ ಹಚ್ಚಿದ್ರ ಟಕ್ ಅಂತ ಒಡೀತದ; ಅಲ್ಲಿ ಒಳಗಿಂದ ಟೇಪು ಹಾಕ್ರಿ. ಬ್ಲೇಡು, ಕತ್ರಿ ಮನ್ಯಾಗೇ ಬಿಡ್ರಿ.