ದಪ್ಪ ಇರುವವರು ಬೇಳೆ, ಮೊಟ್ಟೆ ಬಿಡಬೇಕಾ? ಬಿಸಿಎಎ ಪುಡಿ ತಗೊಳ್ಳಬೇಕಾ?

ಹಾಸನದ ಸವಿತಾ:
ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ, ಎತ್ತರ 5 ಅಡಿ 2 ಇಂಚು, ತೂಕ 78 ಕೆಜಿ. ಹೋದ ವಾರದ ರಿಪೋರ್ಟ್ ಹೀಗಿದೆ: ಖಾಲಿ ಹೊಟ್ಟೆ ಶುಗರ್ 104, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) 236, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 36, ಯೂರಿಕ್ ಆಸಿಡ್ 6.8. ನನ್ನ ತಮ್ಮ ಸಣಕಲ. ಇಬ್ಬರೂ ಒಂದೇ ಮನೆಯ ಮುದ್ದೆ, ಸೊಪ್ಪಿನ ಸಾರು ತಿಂದು ಬೆಳೆದವರು. ಅವನ ಟ್ರೈಗ್ಲಿಸರೈಡ್ ಬರೀ 88.

ಜಿಮ್‌ನ ಟ್ರೈನರ್ ತೂಕ ಇಳಿಸುವಾಗ ಮಾಂಸಖಂಡ ಕರಗಬಾರದು ಅಂದರೆ ಬಿಸಿಎಎ ಪುಡಿ ಬೇಕೇ ಬೇಕು ಅಂತಾರೆ. ಆದರೆ ಒಂದು ವಿಡಿಯೋದಲ್ಲಿ, ದಪ್ಪ ಇರುವವರ ರಕ್ತದಲ್ಲಿ ಅದೇ ಬಿಸಿಎಎ ಮೊದಲೇ ಜಾಸ್ತಿ ಇರುತ್ತದೆ, ಅದಕ್ಕೇ ಬೇಳೆ, ಮೊಟ್ಟೆ ಬಿಡಿ ಅಂತ ಹೇಳಿದರು. ಯಾರ ಮಾತು ಕೇಳಲಿ? ನನ್ನ ರಕ್ತಕ್ಕೂ ತಮ್ಮನ ರಕ್ತಕ್ಕೂ ನಿಜವಾಗಿ ಏನು ವ್ಯತ್ಯಾಸ?

ಮಂಜು, ತುಮಕೂರು:
ಅಕ್ಕ, ಪುಡಿಗೆ ದುಡ್ಡು ಹಾಕಬೇಡಿ. ಬೇಳೆ ಬೇಕಾದರೆ ಸ್ವಲ್ಪ ದಿನ ಬಿಟ್ಟು ನೋಡಿ, ನಷ್ಟ ಏನಿದೆ.

ರೇಣುಕಾ, ಬಯೋಕೆಮಿಸ್ಟ್ರಿ ಲ್ಯಾಬ್:
ಸವಿತಾ, ದಯವಿಟ್ಟು ಬೇಳೆ ಬಿಡಬೇಡಿ. ಮಂಜು, ನಷ್ಟ ಇದೆ. ತೂಕ ಇಳಿಸುವ ಸಮಯದಲ್ಲಿ ಪ್ರೋಟೀನ್ ಕಮ್ಮಿ ಆದರೆ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತದೆ.

ವಿಡಿಯೋದಲ್ಲಿ ಹೇಳಿದ್ದು ಅರ್ಧ ನಿಜ. ಪ್ರೋಟೀನ್ ಒಡೆದಾಗ ಸಿಗುವ ತುಣುಕುಗಳೇ ಅಮೈನೊ ಆಮ್ಲಗಳು. ಅವುಗಳಲ್ಲಿ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಅನ್ನುವ ಮೂರನ್ನೇ ಬಿಸಿಎಎ ಅನ್ನುತ್ತಾರೆ. ಬೊಜ್ಜು ಇರುವವರ ರಕ್ತದಲ್ಲಿ ಇವು ಜಾಸ್ತಿ, ಗ್ಲೈಸಿನ್ ಅನ್ನುವ ಇನ್ನೊಂದು ಅಮೈನೊ ಆಮ್ಲ ಕಮ್ಮಿ ಅಂತ ಅಮೆರಿಕದಲ್ಲಿ 1969ರಲ್ಲೇ ಕಂಡುಕೊಂಡಿದ್ದರು. 2009ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರು ಬೊಜ್ಜಿನ 74 ಜನ, ತೆಳ್ಳಗಿನ 67 ಜನರ ರಕ್ತ ಹೋಲಿಸಿದರು. ಬಿಸಿಎಎ ಮಾತ್ರ ಅಲ್ಲ, ಅವು ಅರ್ಧ ಸುಟ್ಟಾಗ ಉಳಿಯುವ ತುಣುಕುಗಳೂ ಬೊಜ್ಜಿನವರಲ್ಲಿ ಜಾಸ್ತಿ ಸಿಕ್ಕವು.

ಈಗ ಮುಖ್ಯ ವಿಷಯ. ಬಿಸಿಎಎ ಅಳೆಯಲು ರಕ್ತ ತೆಗೆಯುವುದು ರಾತ್ರಿಯಿಡೀ ಉಪವಾಸ ಇದ್ದ ಮೇಲೆ. ನೀವು ನಿನ್ನೆ ಮಧ್ಯಾಹ್ನ ತಿಂದ ತೊಗರಿಬೇಳೆ ಅಷ್ಟು ಹೊತ್ತಿಗೆ ಕಥೆ ಮುಗಿಸಿರುತ್ತದೆ. ಆಗ ಕಾಣುವುದು, ದೇಹ ತನ್ನದೇ ಪ್ರೋಟೀನ್ ಒಡೆದು ಎಷ್ಟು ಹೊರಬಿಟ್ಟಿದೆ, ಎಷ್ಟು ಸುಟ್ಟಿದೆ ಅನ್ನುವುದು. ಬೊಜ್ಜು, ಇನ್ಸುಲಿನ್ ಪ್ರತಿರೋಧ (ಇನ್ಸುಲಿನ್ ಇದ್ದರೂ ಅದರ ಮಾತು ದೇಹ ಸರಿಯಾಗಿ ಕೇಳದಿರುವುದು) ಎರಡೂ ಇರುವವರ ಕೊಬ್ಬಿನ ಅಂಗಾಂಶದಲ್ಲಿ ಇವನ್ನು ಸುಡುವ ಕಿಣ್ವಗಳು ಕಮ್ಮಿ ಆಗಿರುತ್ತವೆ. ಸಿಂಕಿನಲ್ಲಿ ನೀರು ನಿಂತರೆ ನಲ್ಲಿ ಜಾಸ್ತಿ ಬಿಟ್ಟಿದ್ದೀವಿ ಅಂತಲೇ ಅಲ್ಲ, ಕೆಳಗಿನ ಪೈಪ್ ಕಟ್ಟಿರಬಹುದು, ಅಲ್ವಾ?

ಪುಡಿ ಮಾತ್ರ ನಾನೂ ಬೇಡ ಅಂತೀನಿ. ಅದೇ 2009ರ ಕೆಲಸದಲ್ಲಿ ಇಲಿಗಳಿಗೆ ಕೊಬ್ಬಿನ ಆಹಾರದ ಜೊತೆ ಬಿಸಿಎಎ ಬೆರೆಸಿ ಕೊಟ್ಟರು. ಅವು ಕಮ್ಮಿ ತಿಂದವು, ತೂಕವೂ ಅಷ್ಟೇನು ಏರಲಿಲ್ಲ. ಆದರೂ ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲಿಲ್ಲ. ಮಾಮೂಲಿ ಆಹಾರಕ್ಕೆ ಬೆರೆಸಿದಾಗ ಈ ತೊಂದರೆ ಬರಲಿಲ್ಲ. ಇಲಿಯ ಫಲಿತಾಂಶ ಮನುಷ್ಯರಿಗೆ ನೇರವಾಗಿ ಹೊಂದಲ್ಲ, ಒಪ್ಪುತ್ತೇನೆ. ಆದರೆ ಬೇಳೆ, ಮೊಟ್ಟೆ, ಮೊಸರಿನಲ್ಲಿ ಈ ಮೂರೂ ಸಿಗುವಾಗ ಸುಮ್ನೆ ಮೇಲಿಂದ ಯಾಕೆ ಸುರಿಯಬೇಕು?

ನಿಮ್ಮ ರಿಪೋರ್ಟಿನ ಅಂಕಿಗಳೂ ಇದೇ ಇನ್ಸುಲಿನ್ ಪ್ರತಿರೋಧದ ಗುಂಪಿನವು. ಇನ್ಸುಲಿನ್ ಜಾಸ್ತಿ ಓಡಾಡುತ್ತಿದ್ದರೆ ಕಿಡ್ನಿ ಯೂರಿಕ್ ಆಸಿಡ್ ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತದೆ. ಲಿವರ್ ಜಾಸ್ತಿ ಕೊಬ್ಬು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಈ ಕೊಬ್ಬು ಕಣ್ಣಿಗೂ ಕಾಣುತ್ತದೆ. ರಕ್ತದ ಟ್ಯೂಬನ್ನು ಯಂತ್ರದಲ್ಲಿ ತಿರುಗಿಸಿ ತೆಗೆದರೆ ಕೆಂಪು ಕಣಗಳು ತಳಕ್ಕೆ ಕೂತಿರುತ್ತವೆ, ಮೇಲಿನ ದ್ರವ ತಿಳಿ ಹಳದಿ ಇರಬೇಕು. ಟ್ರೈಗ್ಲಿಸರೈಡ್ ವಿಪರೀತ ಇರುವವರದು ಹಾಲು ಹಾಲಾಗಿ ಬಿಳಿಚಿರುತ್ತದೆ, ಟ್ಯೂಬ್ ಹಿಂದೆ ಬೆರಳಿಟ್ಟರೆ ಬೆರಳೇ ಕಾಣಲ್ಲ. ನಿಮ್ಮ 236ಕ್ಕೆ ಅಷ್ಟಾಗಲ್ಲ, ಹೆದರಬೇಡಿ. ಆದರೆ ತೂಕ ಇಳಿಸಲು ನಿಮಗೆ ಇದು ಸಕಾಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಡಯಾಬಿಟಿಸ್ ಇಲ್ಲದ 2422 ಜನರನ್ನು 12 ವರ್ಷ ಗಮನಿಸಿದರು. 201 ಜನರಿಗೆ ಡಯಾಬಿಟಿಸ್ ಬಂತು. ಅವರ ಹಳೆಯ ರಕ್ತ ತೆಗೆದು ನೋಡಿದರೆ, ಶುಗರ್ ಏರುವ ಎಷ್ಟೋ ವರ್ಷ ಮೊದಲೇ ಬಿಸಿಎಎ ಮತ್ತು ಇನ್ನೆರಡು ಅಮೈನೊ ಆಮ್ಲಗಳು ಮೇಲಿದ್ದವು.

ಹಾಸನದ ಸವಿತಾ:
ತುಂಬಾ ಥ್ಯಾಂಕ್ಸ್ ಮೇಡಂ. ಹಾಗಾದರೆ ಬಿಸಿಎಎ ಟೆಸ್ಟ್ ಮಾಡಿಸಲಾ? ತಮ್ಮನಿಗೆ ಭಯ ಇಲ್ಲ ತಾನೇ?

ರೇಣುಕಾ, ಬಯೋಕೆಮಿಸ್ಟ್ರಿ ಲ್ಯಾಬ್:
ಬೇಡ. ಅದಕ್ಕೆ ಮಾಸ್ ಸ್ಪೆಕ್ಟ್ರೋಮೀಟರ್‌ನಂಥ ವಿಶೇಷ ಯಂತ್ರ ಬೇಕು, ದುಬಾರಿ. ಬಂದ ಅಂಕಿ ನೋಡಿ ವೈದ್ಯರು ಔಷಧಿ ಬದಲಾಯಿಸುವುದೂ ಇಲ್ಲ. ಅದರ ಬದಲು ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್) ಮತ್ತು ಲಿವರ್ ಪರೀಕ್ಷೆ ಮಾಡಿಸಿ, ಡಾಕ್ಟರಿಗೆ ತೋರಿಸಿ.

ತಮ್ಮನ 88 ಒಳ್ಳೆಯದೇ. ಆದರೂ ಟೇಪ್ ಹಿಡಿದು ಅವನ ಸೊಂಟ ಅಳೆಯಿರಿ. ನಮ್ಮವರಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಿದರೆ ಜಾಗ್ರತೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ತಮ್ಮಿಬ್ಬರ ಫೋಟೋವನ್ನೇ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಹಾಕಿದ್ದರು. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 22.3. ಮೈಯಲ್ಲಿರುವ ಕೊಬ್ಬು ಮಾತ್ರ ಲಂಡನ್ನಿನವರದು 9.1%, ನಮ್ಮವರದು 21.2%.

ಮಂಜು, ತುಮಕೂರು:
ಮೇಡಂ, ನನ್ನ ತೂಕ 61 ಕೆಜಿ, ಆದರೆ ಹೊಟ್ಟೆ ಇದೆ. ನಾನೂ ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ) ಮಾಡಿಸುತ್ತೇನೆ. ಬೆಳಗ್ಗೆ ಕಾಫಿ ಕುಡಿಯಬಹುದಾ?

ರೇಣುಕಾ, ಬಯೋಕೆಮಿಸ್ಟ್ರಿ ಲ್ಯಾಬ್:
ಬೇಡ ಮಂಜು, ನೀರು ಮಾತ್ರ. ರಾತ್ರಿ ಊಟ ಎಂಟಕ್ಕೇ ಮುಗಿಸಿ, ಬೆಳಗ್ಗೆ ಎಂಟಕ್ಕೆ ರಕ್ತ ಕೊಡಿ. ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕಿ.