ಶಾಲೆಯಲ್ಲಿ ಅಪಾಯ ಎಲ್ಲೆಲ್ಲಿದೆ, ಹುಡುಕುವುದು ಹೇಗೆ? ನಿಮ್ಮ ಅನುಭವ ಹೇಳಿ

ಕೇಳಿದವರು: ಲಗ್ಗೆರೆ ಕಡೆಯ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು. ಈ ಸಲ ನನ್ನನ್ನು ಎಸ್‌ಡಿಎಂಸಿಗೆ, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಗೆ ಸೇರಿಸಿದ್ದಾರೆ. ಬೇಸಿಗೆ ರಜೆಗೆ ಮುಂಚೆ ಒಬ್ಬ ಹುಡುಗ ಮೆಟ್ಟಿಲ ಮೇಲೆ ಜಾರಿ ಬಿದ್ದ. ಮುಂದಿನ ಹಲ್ಲು ಹೋಯಿತು. ಆವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ಶಾಲೆ ಶುರುವಾಗಲು ಇನ್ನು ಮೂರು ವಾರ ಇದೆ. ಕೈಯಲ್ಲಿ ದುಡ್ಡು ಕಮ್ಮಿ. ಎಲ್ಲಿಂದ ಶುರು ಮಾಡಲಿ?

ಪ್ರಾಥಮಿಕ ಶಾಲೆ ಶಿಕ್ಷಕಿ, 22 ವರ್ಷದ ಅನುಭವ

ಪಟ್ಟಿ ಹುಡುಕುತ್ತಾ ಕೂರಬೇಡಿ. ನಿಮ್ಮ ಬೀದಿಯಲ್ಲೇ ಆ ಶಾಲೆಗೆ ಹೋಗುವ ನಾಲ್ಕು ಮಕ್ಕಳು ಸಿಗುತ್ತಾರೆ. ಅವರನ್ನು ಕರೆದುಕೊಂಡು ಶಾಲೆ ಸುತ್ತಿ. ಚಿಕ್ಕವರು ಇಬ್ಬರು, ದೊಡ್ಡವರು ಇಬ್ಬರು ಇರಲಿ. "ಯಾರು ಎಲ್ಲಿ ಬಿದ್ದಿದ್ದಾರೆ? ಎಲ್ಲಿಗೆ ಹೋಗಲು ಭಯ?" ಎಂದು ಕೇಳಿ. ಆಮೇಲೆ ಸುಮ್ನೆ ಅವರ ಹಿಂದೆ ನಡೆಯಿರಿ.

ನನಗೆ ಇದನ್ನು ಕಲಿಸಿದ್ದು ಒಂದು ವಾಟರ್ ಕೂಲರ್. ದಾನಿಯೊಬ್ಬರು ಕೊಟ್ಟ ಸ್ಟೀಲ್ ಕೂಲರ್, ಕಾರಿಡಾರಿನ ಕೊನೆಯಲ್ಲಿತ್ತು. ಮಕ್ಕಳು ಒಂದು ಕೈಯಲ್ಲಿ ಬಾಟಲಿ ಹಿಡಿದು ಇನ್ನೊಂದು ಕೈ ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಿದ್ದರು. ಎಷ್ಟು ಶಿಸ್ತು ಎಂದು ನಾನು ಖುಷಿಪಟ್ಟಿದ್ದೆ. ಒಂದು ದಿನ ಎರಡನೇ ಕ್ಲಾಸಿನ ಹುಡುಗಿಯನ್ನು ಕೇಳಿದೆ. "ಮಿಸ್, ಕೈ ತಾಗಿದ್ರೆ ಜುಂ ಅನ್ನುತ್ತೆ" ಎಂದಳು. ಅವತ್ತೇ ಪ್ಲಗ್ ಕಿತ್ತೆವು. ಎಷ್ಟು ದಿನದಿಂದ ಹಾಗಿತ್ತೋ! ಮಕ್ಕಳು ತಮ್ಮ ತಮ್ಮಲ್ಲೇ ಉಪಾಯ ಮಾಡಿಕೊಂಡಿದ್ದರು. ಒಬ್ಬರೂ ದೊಡ್ಡವರಿಗೆ ಹೇಳಿರಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆ ಕಲಕುತ್ತದೆ.

ಬೆಂಗಳೂರಿನ ಶಾಲೆ ಅಂದಮೇಲೆ ಸಂಪು, ಅಂದರೆ ನೆಲದೊಳಗಿನ ನೀರಿನ ತೊಟ್ಟಿ, ಸಾಮಾನ್ಯವಾಗಿ ಇರುತ್ತದೆ. ಅದರ ಮುಚ್ಚಳವನ್ನು ನೀವೇ ಎತ್ತಿ ನೋಡಿ. ಒಂದು ಮಗು ಎತ್ತಬಹುದಾದಷ್ಟು ಹಗುರ ಇದ್ದರೆ ಅಥವಾ ತುಕ್ಕು ಹಿಡಿದು ಸವೆದಿದ್ದರೆ ಅದೇ ಮೊದಲ ಕೆಲಸ. ಟ್ಯಾಂಕರ್ ಬಂದ ದಿನ ಮುಚ್ಚಳ ತೆಗೆದಿಟ್ಟು ಹಾಗೇ ಮರೆಯುತ್ತಾರೆ. ಬೀಗ ಹಾಕಿಸಿ, ನೀರು ತುಂಬುವಾಗ ಒಬ್ಬರು ಅಲ್ಲೇ ನಿಲ್ಲಬೇಕು ಎಂದು ಮಾಡಿ.

ಬಿಸಿಯೂಟದ ಹೊತ್ತನ್ನು ಕಣ್ಣಾರೆ ನೋಡಿ. 2023ರ ನವೆಂಬರಿನಲ್ಲಿ ಕಲಬುರಗಿ ಜಿಲ್ಲೆಯ ಶಾಲೆಯೊಂದರಲ್ಲಿ ಎರಡನೇ ತರಗತಿಯ ಹುಡುಗಿ ಬಿಸಿ ಸಾಂಬಾರಿನ ಪಾತ್ರೆಗೆ ಬಿದ್ದು ತೀರಿಕೊಂಡಳು. ಅದಾದ ಮೇಲೆ ನಮ್ಮಲ್ಲಿ ಎರಡು ನಿಯಮ ಮಾಡಿಕೊಂಡೆವು. ಮಕ್ಕಳೆಲ್ಲ ಕೂತ ಮೇಲೆಯೇ ಪಾತ್ರೆ ಅಡುಗೆ ಕೋಣೆಯಿಂದ ಹೊರಗೆ ಬರಬೇಕು. ದೊಡ್ಡ ಪಾತ್ರೆಯನ್ನು ಮಕ್ಕಳು ಓಡಾಡುವ ಕಡೆ ನೆಲದ ಮೇಲೆ ಇಡಬಾರದು, ಬಡಿಸಲು ಚಿಕ್ಕ ಬಕೆಟ್ ಸಾಕು. ಅಡುಗೆಯವರು ಮೊದಲು ಗೊಣಗಿದರು, ಕೆಲಸ ಜಾಸ್ತಿ ಆಗುತ್ತದೆ ಅಲ್ವಾ. ಅವರ ಜೊತೆ ಕೂತು ಮಾತಾಡಿದೆವು, ಒಪ್ಪಿದರು.

ಇನ್ನು ಬೆಂಕಿ. 2004ರ ಜುಲೈ 16ರಂದು ಕುಂಭಕೋಣಂನ ಶಾಲೆಯಲ್ಲಿ 94 ಮಕ್ಕಳು ಸುಟ್ಟು ಸತ್ತರು. ಅಡುಗೆ ಮನೆಯ ಬೆಂಕಿ ಗರಿಯ ಚಾವಣಿಗೆ ಹತ್ತಿತ್ತು, ಹೊರಗೆ ಬರಲು ಇದ್ದ ದಾರಿ ಇಕ್ಕಟ್ಟು. ಆ ದುರಂತದ ನಂತರ ಹಾಕಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2009ರಲ್ಲಿ ಎಲ್ಲ ಶಾಲೆಗಳಲ್ಲೂ ಬೆಂಕಿ ಆರಿಸುವ ಸಾಧನ ಇರಬೇಕು, ಸಿಬ್ಬಂದಿಗೆ ತರಬೇತಿ ಇರಬೇಕು ಎಂದು ಆದೇಶ ಕೊಟ್ಟಿತು. ಹೆಡ್‌ಮಾಸ್ಟರ್ ಹತ್ತಿರ ಮಾತಾಡುವಾಗ ಇದನ್ನು ಹೇಳಿ. ಹೊರಗೆ ಹೋಗಲು ನಮ್ಮ ಶಾಲೆಯಲ್ಲಿರುವ ಎರಡನೇ ಮೆಟ್ಟಿಲುಸಾಲಿನ ಕೆಳಗೆ ಮುರಿದ ಬೆಂಚುಗಳ ರಾಶಿಯೇ ಇತ್ತು. ಅದನ್ನು ಖಾಲಿ ಮಾಡಲು ಒಂದು ಪೈಸೆ ಖರ್ಚಾಗಲಿಲ್ಲ, ಒಂದು ಶನಿವಾರ ಮಧ್ಯಾಹ್ನ ಸಾಕಾಯಿತು.

ಕೊನೆಯದಾಗಿ ಶೌಚಾಲಯ. "ನಾನು ಅಲ್ಲಿಗೆ ಹೋಗಲ್ಲ" ಎಂದು ಮಗು ಹೇಳಿದರೆ ಯಾಕೆ ಎಂದು ನಿಧಾನವಾಗಿ ಕೇಳಿ. ಗಲೀಜು, ಚಿಲಕ ಇಲ್ಲ ಎನ್ನಬಹುದು. ಬೇರೆ ಕಾರಣವೂ ಇರಬಹುದು. 1098 ಮಕ್ಕಳ ಸಹಾಯವಾಣಿ ನಂಬರನ್ನು ಮಕ್ಕಳ ಕಣ್ಣಿನ ಎತ್ತರಕ್ಕೆ ಗೋಡೆ ಮೇಲೆ ಬರೆಸಿ. ಮಗು ಲೈಂಗಿಕ ಕಿರುಕುಳದ ಮಾತು ಹೇಳಿದರೆ ಒಳಗೊಳಗೇ ಮುಗಿಸುವ ಹಾಗಿಲ್ಲ, ಪೊಲೀಸರಿಗೆ ತಿಳಿಸಲೇಬೇಕು ಎಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ.

ಎಲೆಕ್ಟ್ರಿಷಿಯನ್, ಪೀಣ್ಯ

ಟೀಚರ್ ಹೇಳಿದ ಕೂಲರ್ ಕಥೆ ನಾನು ತುಂಬ ಕಡೆ ನೋಡಿದ್ದೇನೆ. ಮೂರು ಪಿನ್ನಿನ ಪ್ಲಗ್ ಇರುತ್ತದೆ, ಆದರೆ ಸಾಕೆಟ್ಟಿಗೆ ಅರ್ಥ್ ವೈರೇ ಬಂದಿರುವುದಿಲ್ಲ. ಅಕ್ಕ, ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಂಬ ಸುರಕ್ಷತೆಯ ಸ್ವಿಚ್ ಇದೆಯಾ ನೋಡಿಸಿ. ಕರೆಂಟ್ ಮೈ ಮೂಲಕ ಹರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಟ್ ಮಾಡುವುದು ಅದೇ. ಲೋಡ್ ಜಾಸ್ತಿ ಆದಾಗ ಬೀಳುವ ಸಾದಾ ಎಂಸಿಬಿ ಸ್ವಿಚ್ ಆ ಕೆಲಸ ಮಾಡುವುದಿಲ್ಲ. ಆರ್‌ಸಿಸಿಬಿ ಮೇಲೆ ಟೆಸ್ಟ್ ಬಟನ್ ಇರುತ್ತದೆ, ತಿಂಗಳಿಗೊಮ್ಮೆ ಒತ್ತಬೇಕು. ಒತ್ತಿದಾಗ ಟ್ರಿಪ್ ಆಗದಿದ್ದರೆ ಬದಲಾಯಿಸಿ. ಬೇಸಿಗೆಯಲ್ಲಿ ಅರ್ಥ್ ವೈರ್ ನೆಲಕ್ಕೆ ಇಳಿಯುವ ಗುಂಡಿ ಒಣಗಿರುತ್ತದೆ, ಎರಡು ಬಕೆಟ್ ನೀರು ಹಾಕಿ.

ಕಾಂಪೌಂಡ್ ಮೇಲೆ ತಂತಿ ಜೋತು ಬಿದ್ದಿದ್ದರೆ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಬೆಂಕಿ ಆರಿಸುವ ಸಿಲಿಂಡರಿನ ಮೀಟರ್ ಮುಳ್ಳು ಹಸಿರು ಭಾಗದಲ್ಲಿ ಇರಬೇಕು. ಅದನ್ನು ಆಫೀಸ್ ರೂಮಿನಲ್ಲಿಟ್ಟು ಬೀಗ ಹಾಕಿದರೆ ಪ್ರಯೋಜನ ಇಲ್ಲ.

ಶಾಲಾ ವ್ಯಾನ್ ಓಡಿಸುವವನು

ಗೇಟಿನ ಮುಂದೆ ರಿವರ್ಸ್ ತೆಗೆಯುವುದನ್ನು ನಿಲ್ಲಿಸಿ ಮೇಡಂ. ಚಿಕ್ಕ ಮಗು ಗಾಡಿ ಹಿಂದೆ ನಿಂತರೆ ಕನ್ನಡಿಯಲ್ಲಿ ಕಾಣುವುದೇ ಇಲ್ಲ. ನಮ್ಮ ಶಾಲೆಯಲ್ಲಿ ಒಂದು, ಎರಡನೇ ಕ್ಲಾಸನ್ನು ಹತ್ತು ನಿಮಿಷ ಮುಂಚೆ ಬಿಡುತ್ತಾರೆ. ಅಪ್ಪಂದಿರ ಬೈಕುಗಳು ಗೇಟಿನಿಂದ ದೂರ ನಿಲ್ಲಬೇಕು. ಇಷ್ಟಕ್ಕೇ ಅರ್ಧ ಗಲಾಟೆ ಕಮ್ಮಿ ಆಯಿತು.

ನರ್ಸ್, ಇಬ್ಬರು ಮಕ್ಕಳ ಅಮ್ಮ

ಬಿದ್ದ ಹಲ್ಲಿನ ವಿಷಯ ಓದಿ ಬರೆಯುತ್ತಿದ್ದೇನೆ. ಶಾಶ್ವತ ಹಲ್ಲು ಪೂರ್ತಿ ಕಿತ್ತು ಬಂದರೆ ಬೇರು ಮುಟ್ಟದೆ, ಬಿಳಿ ಭಾಗ ಹಿಡಿದು ಎತ್ತಿ. ಉಜ್ಜಬೇಡಿ. ಹಾಲಿನಲ್ಲಿ ಹಾಕಿಕೊಂಡು ತಕ್ಷಣ ದಂತವೈದ್ಯರ ಹತ್ತಿರ ಓಡಿ. ಅರ್ಧ ಗಂಟೆಯೊಳಗೆ ತಲುಪಿದರೆ ಮತ್ತೆ ಕೂರಿಸುವ ಅವಕಾಶ ಜಾಸ್ತಿ. ಹಾಲುಹಲ್ಲಾದರೆ ಮತ್ತೆ ಕೂರಿಸುವುದಿಲ್ಲ.

ಸುಟ್ಟ ಗಾಯಕ್ಕೆ ಪೇಸ್ಟು, ಇಂಕು, ಅರಿಶಿನ ಏನೂ ಬೇಡ. ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ತಲೆಗೆ ಪೆಟ್ಟು ಬಿದ್ದ ಮಗು ವಾಂತಿ ಮಾಡಿದರೆ, ತೂಕಡಿಸಿದರೆ ಮನೆಗೆ ಕಳಿಸಬೇಡಿ, ಸೀದಾ ಆಸ್ಪತ್ರೆಗೆ.

ಬಸವೇಶ್ವರನಗರದ ಅಪ್ಪ

2023ರ ಡಿಸೆಂಬರ್ 1 ನೆನಪಿದೆಯಾ? ನಗರದ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂದ ದಿನ. ಸುಳ್ಳು ಬೆದರಿಕೆ, ಆದರೆ ಆ ಎರಡು ಗಂಟೆ ನಾನು ಮರೆಯುವುದಿಲ್ಲ. ನನ್ನ ಮಗನ ಶಾಲೆಯಲ್ಲಿ ಮಕ್ಕಳನ್ನು ಬೇಗ ಹೊರಗೆ ತಂದರು, ಅದು ಸರಿ ಇತ್ತು. ಆಮೇಲೆ ಯಾರ ಮಗು ಯಾರ ಜೊತೆ ಹೋಯಿತು ಎನ್ನುವ ಲೆಕ್ಕವೇ ತಪ್ಪಿತು. ಮಗನನ್ನು ಅವನ ಸ್ನೇಹಿತನ ಅಜ್ಜಿ ಕರೆದುಕೊಂಡು ಹೋಗಿದ್ದರು. ನಾವು ಬೀದಿ ಬೀದಿ ಹುಡುಕಿದೆವು. ದಯವಿಟ್ಟು ಪ್ರತಿ ಮಗುವಿಗೂ "ಇವರ ಕೈಗೆ ಮಾತ್ರ ಒಪ್ಪಿಸಿ" ಎಂಬ ಎರಡು ಹೆಸರು, ಎರಡು ಫೋನ್ ನಂಬರ್ ಕಾಗದದಲ್ಲಿ ಬರೆಸಿ ಇಡಿ. ಕಂಪ್ಯೂಟರಿನೊಳಗೆ ಮಾತ್ರ ಇದ್ದರೆ ಹೊರಗೆ ಓಡಿ ಬಂದಾಗ ಯಾರಿಗೂ ಸಿಗುವುದಿಲ್ಲ.

ಮತ್ತೆ ಲಗ್ಗೆರೆ ಕಡೆಯ ತಾಯಿ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಐದು ಮಕ್ಕಳ ಜೊತೆ ಶಾಲೆ ಸುತ್ತಿದೆ. ಆ ಹುಡುಗ ಯಾಕೆ ಬಿದ್ದ ಎಂದು ಈಗ ಗೊತ್ತಾಯಿತು. ಮೇಲಿನ ಫಿಲ್ಟರಿನ ನೀರು ಮೂರನೇ ಮೆಟ್ಟಿಲ ಮೇಲೆ ತೊಟ್ಟಿಕ್ಕುತ್ತದೆ, ಅಂಚು ಸವೆದು ನುಣ್ಣಗಾಗಿದೆ. ಮಕ್ಕಳೆಲ್ಲ ಅದೊಂದು ಮೆಟ್ಟಿಲನ್ನು ದಾಟಿ ಹಾರುತ್ತಾರಂತೆ. ಅವನು ಆಗ ತಾನೇ ಬೇರೆ ಶಾಲೆಯಿಂದ ಬಂದಿದ್ದ, ಅವನಿಗೆ ಯಾರೂ ಹೇಳಿರಲಿಲ್ಲ.

ಸಂಪಿಗೆ ಬೀಗ ಹಾಕಿಸಿದೆವು. ಒಂದು ಕೀ ಹೆಡ್‌ಮಾಸ್ಟರ್ ಹತ್ತಿರ, ಇನ್ನೊಂದು ಅಡುಗೆ ಅಕ್ಕನ ಹತ್ತಿರ. ಪ್ಲಂಬರ್ ನಾಳೆ ಬರುತ್ತಾರೆ, ಗಾರೆಯವರು ಸೋಮವಾರ. ಆರ್‌ಸಿಸಿಬಿ ಇಲ್ಲ. ಪೀಣ್ಯದ ಅಣ್ಣ, ಒಂದು ಸಲ ಬಂದು ಬೋರ್ಡ್ ನೋಡಿಕೊಡಲು ಆಗುತ್ತದಾ?