ಕುಷ್ಟಗಿ ಮಾವಾರ ವಿಡಿಯೋಕ್ಕ ಉತ್ತರ: ವೈರಸ್ ಸೂಜಿ ಅಂದ್ರ ಏನು, ಕಾಕಾಗ ಯಾಕ ಬ್ಯಾಡ

ಎಲ್ಲಾರಿಗೂ ನಮಸ್ಕಾರ್ರಿ. ಸ್ವಲ್ಪ ಉದ್ದ ಆಗ್ತೈತಿ, ಅರ್ಧಕ್ಕ ನಿಲ್ಲಿಸಿ ಚಾ ಕುಡದು ಮತ್ತ ಕೇಳ್ರಿ.

ಕುಷ್ಟಗಿ ಮಾವಾರು ಹಾಕಿದ ವಿಡಿಯೋದಾಗ "ಒಂದೇ ವೈರಸ್ ಸೂಜಿ, ಎಂಟು ದಿನದಾಗ ಕ್ಯಾನ್ಸರ್ ಗಡ್ಡಿ ಕರಗತೈತಿ" ಅಂತ ಐತಿ. ಅದನ್ನ ನೋಡಿ ಗಂಗಾವತಿ ಚಿಗವ್ವ ಕೇಳ್ಯಾರ, ಕಾಕಾನ ಗಲ್ಲದ ಗಡ್ಡಿಗೆ ಆಪರೇಶನ್ ಬಿಟ್ಟು ಇದನ್ನ ಕೊಡಸೂಣೇನು ಅಂತ. ಚಿಗವ್ವಾ, ಮೊದಲು ಅದಕ್ಕ ಉತ್ತರ ಹೇಳಿಬಿಡ್ತೀನಿ: ಆಪರೇಶನ್ ತಾರೀಖು ಒಂದು ದಿನಾನೂ ಮುಂದಕ್ಕ ಹಾಕಬ್ಯಾಡ್ರಿ. ವಿಡಿಯೋ ಪೂರಾ ಸುಳ್ಳಲ್ಲ, ತ್ರಾಸು ಇರೋದೇ ಅಲ್ಲಿ.

ಕಡಲಿ, ತೊಗರಿ ಹೊಲದಾಗ ಕಾಯಿಕೊರಕಕ್ಕ ಎನ್‌ಪಿವಿ ಹೊಡಿತಾರಲ್ರೀ ಮಾವಾರ, ಅದೂ ವೈರಸ್ಸೇ. ಹುಳದ ಹೊಟ್ಟಿಯೊಳಗ ಹೋಗಿ ಬೆಳೀತೈತಿ, ವಾರದೊಳಗ ಹುಳ ಗಿಡದ ತುದೀಗೆ ಏರಿ ತಲೆಕೆಳಗಾಗಿ ಜೋತುಬಿದ್ದು, ಒಡದು ನೀರಾಗ್ತೈತಿ. ಆ ನೀರಿನಾಗಿನ ವೈರಸ್ ಬಾಜೂ ಎಲಿಗೆ ಬಿದ್ದು ಮುಂದಿನ ಹುಳಕ್ಕ ಹತ್ತತೈತಿ. ಆ ಎಲಿ ತಿಂದ ದನಕ್ಕ, ಹೊಡದ ಮನಷ್ಯಾಗ ಏನೂ ಆಗಂಗಿಲ್ಲ. ಕ್ಯಾನ್ಸರ್ ಕೋಶ ಕೊಲ್ಲೋ ವೈರಸ್ಸಿನ ಆಲೋಚನೀನೂ ಇದೇ. ಫರಕ್ ಏನಂದ್ರ ಎನ್‌ಪಿವಿ ನಿಸರ್ಗದಾಗ ಇದ್ದದ್ದು, ಇದನ್ನ ಲ್ಯಾಬಿನಾಗ ತಿದ್ದಿರತಾರ.

ಇಂಥ ವೈರಸ್ ಔಷಧದಾಗ ಹೆಸರಾದದ್ದು ಟಿ-ವೆಕ್ ಅಂತ, ಮಾರೋ ಹೆಸರು ಇಮ್ಲಿಜಿಕ್. ಔಷಧಕ್ಕ ಒಪ್ಪಿಗಿ ಕೊಡೋ ಅಮೆರಿಕದ ಸರಕಾರಿ ಸಂಸ್ಥಾ ಎಫ್‌ಡಿಎ 2015ರ ಅಕ್ಟೋಬರದಾಗ ಒಪ್ಪಿಗಿ ಕೊಟ್ಟೈತಿ. ಜ್ವರ ಬಂದಾಗ ತುಟಿಮ್ಯಾಲೆ ಗುಳ್ಳಿ ಏಳ್ತಾವಲ್ಲ, ಆ ಹರ್ಪಿಸ್ ವೈರಸ್ಸನ್ನ ತಿದ್ದಿ ಮಾಡಿದ್ದು. ಎರಡು ಜೀನ್ ತಗದಾರ, ಒಂದು ಕೂಡಿಸ್ಯಾರ. ಯಾವುದೇ ಸರಿಯಾದ ಜೀವಕೋಶಕ್ಕ ವೈರಸ್ ಹೊಕ್ಕರ ಆ ಕೋಶ ತನ್ನೊಳಗಿನ ಪ್ರೋಟೀನ್ ತಯಾರಿ ಬಂದ್ ಮಾಡ್ತೈತಿ. ಅಂಗಡಿ ಬಾಗಿಲು ಹಾಕಿದ್ರ ಕಳ್ಳಗೂ ಮಾಲು ಸಿಗಂಗಿಲ್ಲ. ಹರ್ಪಿಸ್ ಕಡೆ ಆ ಬಾಗಿಲು ಮತ್ತ ತಗಿಯೋ ಕೀಲಿ ಇರತೈತಿ, ಅದರ ಹೆಸರು ಐಸಿಪಿ34.5. ಅದನ್ನ ಕಿತ್ತು ಹಾಕ್ಯಾರ. ಹಂಗಾಗಿ ಸರಿಯಾದ ಕೋಶದಾಗ ಈ ವೈರಸ್ ಅಷ್ಟಾಗಿ ಬೆಳಿಯಂಗಿಲ್ಲ. ಭಾಳ ಕ್ಯಾನ್ಸರ್ ಕೋಶದಾಗ ಬಾಗಿಲು ಹಾಕೋ ವ್ಯವಸ್ಥಾನೇ ಕೆಟ್ಟಿರತೈತಿ, ಅಲ್ಲಿ ಇದು ಬೆಳದು ಕೋಶ ಒಡೀತೈತಿ. ಎರಡನೇದು ಐಸಿಪಿ47, ರೋಗನಿರೋಧಕ ಶಕ್ತಿಯ ಕಣ್ಣಿಗೆ ಬೀಳದಂಗ ಬಚ್ಚಿಡೋ ಜೀನ್, ಅದನ್ನೂ ತಗದಾರ. ಕೂಡಿಸಿದ್ದು ಜಿಎಂ-ಸಿಎಸ್‌ಎಫ್ ಅನ್ನೋ ಪ್ರೋಟೀನಿನ ಜೀನ್, ಆ ಪ್ರೋಟೀನ್ ಒಡದ ಗಡ್ಡಿ ಕಡೆ ರಕ್ಷಣಾ ಕೋಶಗಳನ್ನ ಕರೀತೈತಿ. ನನ್ನ ಪ್ರಕಾರ ಅರ್ಧಕ್ಕಿಂತ ಹೆಚ್ಚಿನ ಕೆಲಸ ಈ ಕರದು ಬಂದವೇ ಮಾಡ್ತಾವ.

ಈಗ "ಒಂದೇ ಸೂಜಿ" ಅನ್ನೋದರ ಕಥಿ ಕೇಳ್ರಿ. ಬಾಟಲಿ ಮೈನಸ್ 70 ಡಿಗ್ರಿಗಿಂತ ಕೆಳಗ, ಮೈನಸ್ 90ರ ತನಕದ ಫ್ರೀಜರಿನಾಗ ಇರಬೇಕು. ಐಸ್‌ಕ್ರೀಮ್ ಡಬ್ಬಿಯಾಗ ಇಟ್ಟರ ನಡಿಯಂಗಿಲ್ಲ. ಹೊರಗ ತಗದು ಕೋಣಿಯ ಉಷ್ಣತಾದಾಗ ಅರ್ಧ ತಾಸಿನ ಮ್ಯಾಲೆ ಬಿಟ್ಟು ಕರಗಿಸಬೇಕು, ಬಿಸಿನೀರಾಗ ಇಡಂಗಿಲ್ಲ, ಜೋರಾಗಿ ಅಲುಗಾಡಿಸಂಗಿಲ್ಲ, ಮೆಲ್ಲಕ ತಿರುವಬೇಕು. ಒಮ್ಮಿ ಕರಗಿದ್ದನ್ನ ಮತ್ತ ಹೆಪ್ಪುಗಟ್ಟಿಸಂಗಿಲ್ಲ. ಮೊದಲನೇ ಸಲ ಒಂದು ಮಿಲೀಗೆ 10 ಲಕ್ಷ ವೈರಸ್ ಇರೋ ಬಾಟಲಿ, ಎಲ್ಲಾ ಗಡ್ಡಿ ಸೇರಿ ಹೆಚ್ಚಂದ್ರ 4 ಮಿಲೀ. ಮೂರು ವಾರ ಬಿಟ್ಟು ಮಿಲೀಗೆ 10 ಕೋಟಿ ಇರೋದು, ಅದೂ 4 ಮಿಲೀ ಒಳಗ. ಆಮ್ಯಾಲೆ ಎರಡು ವಾರಕ್ಕೊಮ್ಮಿ, ಕಡಿಮಿ ಅಂದ್ರೂ ಆರು ತಿಂಗಳು. ಮೊದಲ ಡೋಸ್ ತೆಳ್ಳಗ ಯಾಕಂದ್ರ, ಹಿಂದ ಎಂದೂ ಹರ್ಪಿಸ್ ಹತ್ತದ ಮೈಗೆ ಒಮ್ಮಿಗೇ 40 ಕೋಟಿ ಬಿಟ್ಟರ ತಡಕೊಳ್ಳೋದು ಕಷ್ಟ. ಮೂರು ವಾರದಾಗ ಮೈ ವೈರಸ್ ತಡಿಯೋ ಪ್ರತಿಕಾಯ ಮಾಡಿಕೊಳ್ತೈತಿ.

ಸೂಜಿ ನರಕ್ಕಲ್ಲ, ತೋಳಿಗೂ ಅಲ್ಲ, ಗಡ್ಡಿಯೊಳಗ. 5 ಸೆಂಟಿಮೀಟರಕ್ಕಿಂತ ದೊಡ್ಡ ಗಡ್ಡಿಗೆ 4 ಮಿಲೀ ತನಕ, ಅರ್ಧ ಸೆಂಟಿಮೀಟರಿನ ಸಣ್ಣದಕ್ಕ 0.1 ಮಿಲೀ. ಒಂದೇ ತೂತಿನಿಂದ ಹೊಕ್ಕು, ಸೂಜಿ ಪೂರಾ ಹೊರಗ ತಗೀದಂಗ ಬೀಸಣಿಗಿ ಕಡ್ಡಿ ಬಿಚ್ಚಿದಂಗ ಆ ಕಡೆ ಈ ಕಡೆ ದಾರಿ ಮಾಡ್ತಾ ಬಿಡಬೇಕು. ಒಂದೇ ಜಾಗಕ್ಕ ಬಿಟ್ಟರ ಅಲ್ಲೇ ನಿಂತು, ಉಳಿದ ಗಡ್ಡಿಗೆ ಮುಟ್ಟಂಗಿಲ್ಲ. ಆಮ್ಯಾಲೆ ಗಾಳಿಯಾಡದ ಪಟ್ಟಿ ಹಾಕಿ, ಒಂದು ವಾರಾದ್ರೂ ಮುಚ್ಚಿರಬೇಕು. ಆ ಪಟ್ಟಿ ಬದಲಿ ಮಾಡೋರು ಕೈಗವಸು ಹಾಕ್ಕೊಂಡು ಮಾಡಿ, ತಗದದ್ದನ್ನ ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಎಸೀಬೇಕು. ಮನಿಯಾಗ ಬಸರಿ ಹೆಣ್ಮಗಳು ಇದ್ರ ಆಕಿ ಮುಟ್ಟಂಗಿಲ್ಲ. ರೋಗನಿರೋಧಕ ಶಕ್ತಿ ಭಾಳ ಕುಗ್ಗಿದವರಿಗೆ ಈ ಔಷಧಾನೇ ಕೊಡಂಗಿಲ್ಲ. ವೈರಸ್ ಹದ್ದುಮೀರಿ ಹೋದ್ರ ಅಸೈಕ್ಲೋವಿರ್ ಗುಳಿಗಿಗೆ ಬಗ್ಗತೈತಿ, ಆ ಗುಳಿಗಿ ಕೆಲಸ ಮಾಡಾಕ ಬೇಕಾದ ಜೀನಿಗೆ ಕೈ ಹಚ್ಚಿಲ್ಲ. ಅದಕ್ಕೇ ಬ್ಯಾರೆ ಕಾರಣಕ್ಕ ಆ ಗುಳಿಗಿ ತಗೊಳ್ಳೋರು ಡಾಕ್ಟರಿಗೆ ಮೊದಲೇ ಹೇಳಬೇಕು, ಇಲ್ಲಂದ್ರ ಔಷಧಾನೇ ಕೊಂದಂಗ.

ಚಳಿ, ಜ್ವರ, ಸುಸ್ತು ಸಾಮಾನ್ಯ. ಇನ್ನೊಂದು, ಗಡ್ಡಿ ಕರಗೋಕ್ಕಿಂತ ಮೊದಲು ಉಬ್ಬಬಹುದು, ಹೊಸದು ಕಾಣಿಸಬಹುದು. "ಎಂಟು ದಿನ" ಅಂದ ಪುಣ್ಯಾತ್ಮ ಇದನ್ನ ಹೇಳಿಲ್ಲ.

ಫಲ ಎಷ್ಟು? ಒಪ್ಪಿಗಿಗೆ ಆಧಾರ ಆದ ಪ್ರಯೋಗದಾಗ 436 ಮಂದಿ ಇದ್ರು. ಆರು ತಿಂಗಳಾದ್ರೂ ನಿಲ್ಲುವಂಗ ಗಡ್ಡಿ ಕುಗ್ಗಿದ್ದು ನೂರಕ್ಕ 16.3 ಮಂದಿಗೆ, ಬರೇ ಜಿಎಂ-ಸಿಎಸ್‌ಎಫ್ ಕೊಟ್ಟವರಾಗ 2.1. ಅದೂ ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರಿಗೆ, ಕೊಯ್ದು ತಗಿಯಾಕ ಬರದ, ಸೂಜಿ ಮುಟ್ಟೋ ಗಡ್ಡಿಗೆ. ಗುಟ್ಕಾದಿಂದ ಬರೋ ಗಲ್ಲದ ಕ್ಯಾನ್ಸರಿಗಲ್ಲ. ಜಪಾನ್ 2021ರಾಗ ಮಿದುಳಿನ ಗಡ್ಡಿಗೆ ಇನ್ನೊಂದು ಹರ್ಪಿಸ್ ವೈರಸ್ಸಿಗೆ ಷರತ್ತಿನ ಮ್ಯಾಲೆ ಒಪ್ಪಿಗಿ ಕೊಟ್ಟೈತಿ. ಚೀನಾ 2005ರಾಗೇ ತಲಿ-ಕುತ್ತಿಗಿ ಕ್ಯಾನ್ಸರಿಗೆ ಎಚ್101 ಅನ್ನೋ ಅಡಿನೋವೈರಸ್ ಒಪ್ಪೈತಿ, ಆದ್ರ ಅದು ಕೀಮೋ ಜೋಡಿ ಕೊಡೋದು, ಅದರ ಬದಲಿ ಅಲ್ಲ. ಲಿವರ್ ಕ್ಯಾನ್ಸರಿಗೆ ತಂದ ಪೆಕ್ಸಾ-ವೆಕ್ ಅನ್ನೋ ವೈರಸ್ 2019ರಾಗ ದೊಡ್ಡ ಪ್ರಯೋಗದಾಗ ಸೋತಿತು.

ಯಾಕ ಸೋಲ್ತಾವ? ರಕ್ತಕ್ಕ ಬಿಟ್ಟರ ಪ್ರತಿಕಾಯ ಹಿಡಿದು ಕಟ್ಟಿಹಾಕ್ತಾವ, ಉಳಿದದ್ದನ್ನ ಲಿವರ್ ಸೋಸತೈತಿ. ಗಡ್ಡಿಗೇ ಬಿಟ್ಟರೂ ಒಳಗ ನಾರು ದಟ್ಟ ಇದ್ರ, ಒಣಗಿದ ಎರಿ ಭೂಮಿಯಾಗ ನೀರು ಬಿಟ್ಟಂಗಲ್ಲ, ಬಂಡೆಗಲ್ಲಿನ ಮ್ಯಾಲೆ ಸುರುವಿದಂಗ ಆಗ್ತೈತಿ.

ಮಾವಾರ, "ಇಂಡಿಯಾದಾಗೂ ವೈರಸ್ ಚಿಕಿತ್ಸಾ ಬಂದೈತಿ" ಅಂದ್ರಲ್ಲ, ನೀವು ಹೇಳಿದ್ದು ನೆಕ್ಸ್‌ಕಾರ್19 ಇರಬೇಕು, 2023ರಾಗ ಒಪ್ಪಿಗಿ ಆದದ್ದು. ಅದರಾಗ ವೈರಸ್ ಬರೇ ಜೀನ್ ಹೊರೋ ಬಂಡಿ. ಲ್ಯಾಬಿನಾಗ ರೋಗಿಯ ಬಿಳಿ ರಕ್ತಕೋಶಕ್ಕ ಜೀನ್ ಇಳಿಸಿದ ಮ್ಯಾಲೆ ಅದರ ಕೆಲಸ ಮುಗೀತು. ಅದು ರಕ್ತದ ಕ್ಯಾನ್ಸರಿಗೆ, ಕಾಕಾನಂಥ ಗಡ್ಡಿಗಲ್ಲ.

ಯಾರಾದ್ರೂ ರೊಕ್ಕ ಕೇಳಿ ವೈರಸ್ ಸೂಜಿ ಕೊಡ್ತೀವಿ ಅಂದ್ರ ಮೂರು ಪ್ರಶ್ನಿ ಕೇಳ್ರಿ. ವೈರಸ್ ಹೆಸರೇನು, ಯಾವ ಫ್ರೀಜರಿನಾಗ ಇಟ್ಟೀರಿ, ಪ್ರಯೋಗ ಇದ್ರ ಸಿಟಿಆರ್‌ಐ (ಭಾರತದಾಗ ನಡಿಯೋ ಔಷಧ ಪ್ರಯೋಗಗಳ ಪಟ್ಟಿ) ನೋಂದಣಿ ನಂಬರ್ ಎಷ್ಟು. ಆ ನಂಬರ್ ಇಂಟರ್ನೆಟ್ಟಿನಾಗ ಯಾರ ಬೇಕಾದ್ರೂ ನೋಡಬಹುದು. ಸರಿಯಾದ ಪ್ರಯೋಗದಾಗ ಆ ಔಷಧಕ್ಕ ರೋಗಿ ಕಡಿಂದ ರೊಕ್ಕ ತಗೊಳ್ಳಂಗಿಲ್ಲ, ಸಹಿ ಮಾಡೋ ಕಾಗದ ಕನ್ನಡದಾಗ ಕೊಡ್ತಾರ.

ಕಾಕಾನ ವಿಷಯ: ಆಪರೇಶನ್ ಆದಮ್ಯಾಲೆ ಬರೋ ತುಂಡಿನ ರಿಪೋರ್ಟು ನೋಡಿ ಕರೆಂಟ್ (ರೇಡಿಯೇಶನ್) ಬೇಕೋ ಬ್ಯಾಡೋ ಹೇಳ್ತಾರ. ಬೇಕಂದ್ರ ಆರು ವಾರದೊಳಗ ಸುರು ಆಗಬೇಕು, ವಾರಕ್ಕ ಐದು ದಿನದಂಗ ಸುಮಾರು 30 ಸಲ. ಅದಕ್ಕ ಹಲ್ಲಿನ ಡಾಕ್ಟರಿಗೆ ಈಗಲೇ ತೋರಿಸ್ರಿ. ಕೆಟ್ಟ ಹಲ್ಲು ಕರೆಂಟ್ ಕೊಟ್ಟಮ್ಯಾಲೆ ಕಿತ್ತರ ದವಡಿ ಎಲುಬು ಮಾಯದಂಗ ಆಗಬಹುದು. ಬಯಾಪ್ಸಿ ರಿಪೋರ್ಟಿನ ಫೋಟೋ ಗ್ರೂಪಿಗೆ ಹಾಕಬ್ಯಾಡ್ರಿ ಚಿಗವ್ವಾ, ನನಗೊಬ್ಬಾಕಿಗೆ ಕಳಸ್ರಿ.